ಅಜ್ಜೀಪುರದ ಕೊತ್ತಿ

ನವೆಂಬರ್ 4, ಸೋಮವಾರ

ಕುಕ್ಕರ್ ಎರಡು ಸಲ ಕೂಗಿತ್ತು. ಇವರು ಮಗ್ಗದ ಗುಂಡಿಗೆ ಇಳಿದಿದ್ದರು. ಇಳಿದ ಮೇಲೆ ಕಾಫಿ ಅಲ್ಲಿಗೇ ಹೋಗಬೇಕು, ಮಹಾರಾಜರು ಮೇಲೆ ಬರುವುದಿಲ್ಲ. ಲೋಟ ಕೊಟ್ಟು ತಿರುಗಿದರೆ ಬಾಗಿಲಲ್ಲಿ ತಮ್ಮ ಮಹದೇವು. ಅಜ್ಜೀಪುರದಿಂದ ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಬಂದಿದ್ದಾನೆ. ಕೈಯಲ್ಲಿ ಗೋಣಿಚೀಲ. ಚೀಲ ಅರಚುತ್ತಿದೆ.

"ಅಕ್ಕ, ಇದ್ನ ನೀನು ಮಡಿಕಳಂಗಿದ್ರೆ ಮಡಿಕೊ. ಇಲ್ದಿದ್ರೆ ಬೆಟ್ಟದ್ ರಸ್ತೆಲಿ ಬುಟ್ಬುಟ್ ಓಯ್ತೀನಿ."

ಬೆಟ್ಟದ ರಸ್ತೆ ಅಂದರೆ ಚಿರತೆಗೆ ತಿಂಡಿ. ಅವನಿಗೂ ಗೊತ್ತು, ಅದಕ್ಕೇ ಮುಖ ನೋಡದೆ ಹೇಳಿದ.

ತಪ್ಪು ಬೆಕ್ಕಿನದಲ್ಲ. ಅವನ ಹೆಂಡತಿ ಕುಸುಮಂದು. ಮರಿಯಾಗಿದ್ದಾಗ ರೋಗ ಬಂದ ರೇಷ್ಮೆಹುಳ ಆರಿಸಿ ಆರಿಸಿ ಇದರ ಮುಂದೆ ಎಸೆದಿದ್ದಾಳೆ. ದಂಡ ಯಾಕೆ ಮಾಡುವುದು ಅಂತ. ಈಗ ಅದು ಒಳ್ಳೆಯ ಹುಳದ ತಟ್ಟೆ ಮೇಲೇ ಕೂತು ಊಟ ಮಾಡುತ್ತಂತೆ. ಹುಳ ಸಾಕುವ ಮನೆಯಲ್ಲಿ ಹುಳ ತಿನ್ನುವ ಬೆಕ್ಕು...

ಇಲ್ಲಿ ಹುಳ ಇಲ್ಲ, ಬರೀ ನೂಲು. ಬಿಟ್ಟು ಹೋಗೋ ಅಂದೆ. ಇವರನ್ನು ಕೇಳಲಿಲ್ಲ, ಅತ್ತೆಯನ್ನು ಕೇಳಲಿಲ್ಲ. ನನ್ನ ಬಾಯಿ ಯಾವತ್ತೂ ತಲೆಗಿಂತ ಎರಡು ಹೆಜ್ಜೆ ಮುಂದೆ.

ಹೆಸರು ಚುಕ್ಕಿ. ಬಿಳಿ ಮೈ, ಹಣೆ ಮೇಲೆ ಕಪ್ಪು ಮಚ್ಚೆ.

ಅದೇ ದಿನ, ಸಂಜೆ

ಹೊಸ ಬೆಕ್ಕು ತಂದರೆ ಒಲೆಗೆ ಮೂರು ಸುತ್ತು ಸುತ್ತಿಸಬೇಕು, ಆಗ ಮನೆ ಬಿಟ್ಟು ಹೋಗುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಅಮ್ಮನದು ಸೌದೆ ಒಲೆ. ನಮ್ಮದು ಗ್ಯಾಸ್, ಕಡಪ ಕಲ್ಲಿನ ಮೇಲೆ, ಗೋಡೆಗೆ ಅಂಟಿಕೊಂಡಿದೆ. ಸುತ್ತುವುದು ಎಲ್ಲಿಂದ? ಬೆಕ್ಕನ್ನೇ ಎತ್ತಿ ಬರ್ನರ್ ಮೇಲೆ ಮೂರು ಸಲ ಸುತ್ತು ಹಾಕಿಸಿದೆ. ಮೊಣಕೈ ತನಕ ಪರಚಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿಬಿಟ್ಟರು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಿವಾಳಿಸ್ಬುಟ್ಯಲ್ಲವ್ವಾ ಅದ್ನ! ನಿವಾಳಿಸಿದ್ದ ಯಾರಾರೂ ಮನೇಲಿ ಮಡಿಕತರಾ? ಮೂರ್ ದಾರಿ ಕೂಡೋ ತಾವು ಎಸ್ದು ತಿರುಗಿ ನೋಡ್ದಂಗೆ ಬತ್ತರೆ!"

ಹೌದಲ್ಲಾ. ದೃಷ್ಟಿ ತೆಗೆದ ಮೆಣಸಿನಕಾಯಿ ಲೆಕ್ಕ ಆಯಿತು. ಇವರು ಗುಂಡಿಯೊಳಗಿಂದಲೇ ನಗುತ್ತಿದ್ದರು. ನನಗೆ ಮಾತ್ರ ಒಂಥರಾ ಆಯಿತು. ಇದನ್ನೆಲ್ಲ ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗುವವಳು ನಾನೇ.

ನವೆಂಬರ್ 5, ಮಂಗಳವಾರ

ಚುಕ್ಕಿ ಅಟ್ಟದ ಮೇಲೆ ಹಳೇ ಟ್ರಂಕಿನ ಹಿಂದೆ ಸೇರಿಕೊಂಡಿದೆ. ಇಳಿಯುವುದಿಲ್ಲ. ಕೆಳಗೆ ಸುಬ್ಬಿ ಕಾವಲು. ಸುಬ್ಬಿ ಅತ್ತೆಯ ಬೆಕ್ಕು, ನಾನು ಈ ಮನೆಗೆ ಬರುವ ಮೊದಲೇ ಇದ್ದದ್ದು. ನನಗೂ ಮೊದಲ ವರ್ಷ ಹೀಗೇ ಬುಸ್ ಅನ್ನುತ್ತಿತ್ತು. ಅದರ ಮಗ ಪಿಳ್ಳ ಒಬ್ಬ ಸೋಮಾರಿ, ಯಾರು ಬಂದರೂ ಹೋದರೂ ತಲೆ ಎತ್ತುವವನಲ್ಲ. ಅವನೂ ಇವತ್ತು ಬಾಲ ಉಬ್ಬಿಸಿದ.

ಅತ್ತೆ ಸುಬ್ಬಿಯ ತಲೆ ಸವರುತ್ತಾ ನನಗೆ ಕೇಳಿಸುವ ಹಾಗೆ, "ಓಯ್ತದೆ ಬುಡವ್ವ ಆ ಅಜ್ಜೀಪುರದ್ದು. ನಿವಾಳಿಸಿ ಆಯ್ತಲ್ಲ."

ನವೆಂಬರ್ 8, ಶುಕ್ರವಾರ

ಪಕ್ಕದ ಮನೆ ರೋಜಾ ಯೂಟ್ಯೂಬ್ ತೋರಿಸಿದಳು. ಹೊಸ ಬೆಕ್ಕಿಗೆ ಬೇರೆ ರೂಮ್ ಕೊಡಬೇಕಂತೆ, ಬೇರೆ ಮಣ್ಣಿನ ಟ್ರೇ. ಇರುವುದು ಎರಡೂವರೆ ರೂಮು, ಅದರಲ್ಲಿ ಒಂದೂವರೆ ಮಗ್ಗ ತಿಂದಿದೆ. ಹಾಗಾದರೆ ನಾನು ಎಲ್ಲಿ ಮಲಗಲಿ, ಟ್ರೇನಲ್ಲಾ?

ಒಂದರ ಮೈ ಒರೆಸಿದ ಬಟ್ಟೆಯನ್ನು ಇನ್ನೊಂದರ ಪಕ್ಕ ಇಡಿ ಅಂತಲೂ ಇತ್ತು. ಅದನ್ನು ಮಾಡಿದೆ. ಸುಬ್ಬಿ ಆ ಬಟ್ಟೆ ಮೇಲೆ ಉಚ್ಚೆ ಹೊಯ್ದಿತು.

ಹಾಲು ಹಾಗೇ ಇದೆ. ಅನ್ನ ಮೊಸರು ಹಾಗೇ ಇದೆ. ಅಟ್ಟ ಹತ್ತಿ ಇಳಿದು ಹತ್ತಿ ಇಳಿದು ಸೊಂಟ ಹಿಡಿದಿದೆ. ಕೆಲಸಕ್ಕೆ ಕೈ ಓಡುತ್ತಿಲ್ಲ. ಕಂಡಿಕೆಗೆ ನೂಲು ಸುತ್ತುವಾಗ ಎರಡು ಸಲ ಎಳೆ ತಪ್ಪಿಸಿದೆ, ಇವರು ಗೊಣಗಿದರು.

ನವೆಂಬರ್ 10, ಭಾನುವಾರ

ಪಕ್ಕೆಲುಬು ಕಾಣುತ್ತಿದೆ. ಕೂಗುವುದೂ ನಿಂತಿದೆ. ಭಯ ಆಯಿತು. ಕುಸುಮಂಗೆ ಫೋನ್ ಮಾಡಿದೆ.

"ಅದು ಇಲ್ಲೂ ಅನ್ನ ಮೂಸ್ತಿರ್ನಿಲ್ಲ ಕಣತ್ಗೆ. ಹುಳನೇ ಆಗಬೇಕು. ನಾನೇ ಕೆಡಿಸ್ಬುಟ್ಟೆ..." ಅಂತ ಅತ್ತಳು. ಅವಳನ್ನು ಬೈಯಬೇಕು ಅಂತಿದ್ದೆ. ಸಮಾಧಾನ ಮಾಡಿ ಫೋನ್ ಇಟ್ಟೆ.

ಈ ಮನೆಯಲ್ಲಿ ಮೊಟ್ಟೆ ಅನ್ನುವ ಪದವನ್ನೂ ಯಾರೂ ಜೋರಾಗಿ ಹೇಳಿಲ್ಲ. ಸೋಮವಾರ ಈರುಳ್ಳಿಯನ್ನೂ ಮುಟ್ಟದವರು ನಮ್ಮ ಅತ್ತೆ. ಹುಳ ಎಲ್ಲಿಂದ ತರಲಿ? ತಂದರೂ ಎಲ್ಲಿ ಇಡಲಿ?

ನವೆಂಬರ್ 11, ಸೋಮವಾರ

ತಂದೆ. ಅದೂ ಸೋಮವಾರ. ಶಿವ ಕ್ಷಮಿಸಲಿ.

ಹಿಂದಿನ ಬೀದಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆ ಇದೆ. ನೂಲು ಬಿಚ್ಚಿದ ಮೇಲೆ ಬೆಂದ ಹುಳ ರಾಶಿ ಬೀಳುತ್ತದೆ. ಅಲ್ಲಿನ ದೇವಣ್ಣ ನನ್ನನ್ನು ಮೇಲೆ ಕೆಳಗೆ ನೋಡಿ, "ಏನವ್ವಾ, ನಿಮ್ಮನೇಲೂ ತಿನ್ನಕೆ ಸುರು ಮಾಡ್ಬುಟ್ರಾ?" ಅಂದ. ಬೆಕ್ಕಿಗೆ ಕಣಪ್ಪಾ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಟಿಫಿನ್ ಬಾಕ್ಸಿಗೆ ತುಂಬಿಕೊಂಡು, ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿಕೊಂಡು ಬಂದೆ. ಆ ನಾತ... ಅಬ್ಬಬ್ಬಾ. ಅಟ್ಟದ ಮೇಲೆ ಮೂಗು ಮುಚ್ಚಿಕೊಂಡು ಒಂದು ಹಿಡಿ ಸುರಿದೆ. ಟ್ರಂಕಿನ ಹಿಂದಿನಿಂದ ಮೂಗು ಬಂತು, ಮಚ್ಚೆ ಬಂತು, ಆಮೇಲೆ ಪೂರ್ತಿ ಬೆಕ್ಕು ಬಂತು. ತಿಂದಿತು. ತಿನ್ನುವ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು ನನಗೆ. ಹುಚ್ಚಿ.

ಮಧ್ಯಾಹ್ನ ಅತ್ತೆ: "ಏನವ್ವಾ ಅದು ನಾತ?"

ಮೋರಿ ಕಟ್ಟಿಕೊಂಡಿದೆ ಅತ್ತೆ ಅಂದೆ.

ನವೆಂಬರ್ 19, ಮಂಗಳವಾರ

ಎಲ್ಲಾ ಹಾಳಾಯಿತು.

ಚುಕ್ಕಿ ಮೊದಲ ಸಲ ತಾನಾಗಿಯೇ ಇಳಿದು ಬಂದಿತ್ತು. ಪಿಳ್ಳ ಹತ್ತಿರ ಹೋಗಿ ಮೂಸಿದ, ಸುಮ್ಮನಾದ. ನಾನು ಖುಷಿಯಲ್ಲಿ ರೋಜಾಳನ್ನು ಕೂಗಲು ಹೊರಗೆ ಹೋದೆ. ಒಳಗೆ ಕಿರುಚಾಟ. ಓಡಿ ಬಂದರೆ ಸುಬ್ಬಿ ಅಟ್ಟಿಸಿಕೊಂಡು ಹೋಗಿ ಮಗ್ಗದ ಹಾಸಿನ ಮೇಲೆ! ಬಿಗಿದ ರೇಷ್ಮೆ ಎಳೆಗಳ ಮೇಲೆ ಎರಡೂ ಉರುಳಾಡಿವೆ. ಒಂದು ಗೇಣಗಲ ಎಳೆ ಹರಿದು ಜೋತು ಬಿದ್ದಿತ್ತು. ಮದುವೆ ಸೀರೆ ಅದು, ಮುಹೂರ್ತದ್ದು.

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡು ಎಳೆ ಎಳೆ ಹುಡುಕಿ ಗಂಟು ಹಾಕುತ್ತಾ ಕೂತರು, ಊಟಕ್ಕೂ ಏಳಲಿಲ್ಲ. ನಾನು ಎದುರು ಕೂತು ಎಳೆ ಹಿಡಿದುಕೊಟ್ಟೆ. ಸಂಜೆ ಒಂದೇ ಮಾತು.

"ಇನ್ನೊಂದ್ ಸಲ ಇಂಗಾದ್ರೆ ನಿನ್ ತಮ್ಮ ಬರದು ಬ್ಯಾಡ ನಾಗು. ನಾನೇ ಬೆಟ್ಟಕ್ ಬುಟ್ ಬತ್ತೀನಿ."

ದೇವರಾಜ್ ಅನ್ನುವ ಈ ಮನುಷ್ಯ ಹೇಳಿದ್ದನ್ನು ಮಾಡುತ್ತಾನೆ. ಅದೇ ಕಷ್ಟ.

ಅಟ್ಟಿಸಿಕೊಂಡು ಹೋದದ್ದು ಸುಬ್ಬಿ. ಇವರು ಆಗ ಮಗ್ಗದಲ್ಲಿರಲಿಲ್ಲ, ನಾನು ನೋಡಿದ್ದೇನೆ. ಅತ್ತೆಯೂ ನೋಡಿದ್ದಾರೆ. ಇಬ್ಬರೂ ಬಾಯಿ ಬಿಡಲಿಲ್ಲ.

ಡಿಸೆಂಬರ್ 1, ಭಾನುವಾರ

ಬರೆಯಲು ಪುರುಸೊತ್ತಾಗಲಿಲ್ಲ. ಸೀರೆ ಮಗ್ಗದಿಂದ ಇಳಿಯುವವರೆಗೆ ನಾನೇ ಕಾವಲು ನಾಯಿ. ಒಂದು ಒಳಗಿದ್ದರೆ ಇನ್ನೊಂದು ಹೊರಗೆ. ಬಾಗಿಲು ಹಾಕು, ತೆಗೆ, ಹಾಕು. ಸ್ನಾನಕ್ಕೆ ಹೋದರೂ ಕಿವಿ ಆಚೆಗೇ.

ಸೀರೆ ಹೋಯಿತು. ಗಂಟು ಯಾರಿಗೂ ಕಾಣಲಿಲ್ಲ. ಉಸಿರು ಬಂತು.

ಈ ನಡುವೆ ಪಿಳ್ಳನೂ ಟಿಫಿನ್ ಬಾಕ್ಸಿನ ಗಿರಾಕಿ ಆಗಿದ್ದಾನೆ. ಹಿತ್ತಲಲ್ಲಿ ಬಚ್ಚಲ ಹಿಂದೆ ಹಾಕುತ್ತೇನೆ, ಎರಡೂ ಒಂದೇ ತಟ್ಟೆಗೆ ಬಾಯಿ ಹಾಕುತ್ತವೆ. ಮೊನ್ನೆ ಸುಬ್ಬಿಯೂ ಬಂದು ದೂರ ಕೂತಿತು. ನಿನ್ನೆ ಸ್ವಲ್ಪ ಹತ್ತಿರ. ಇವತ್ತು ತಲೆ ತೂರಿಸಿತು! ಚುಕ್ಕಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಬಿಟ್ಟಿತು ಕಣೇ, ಕಣ್ಣಾರೆ ನೋಡಿದೆ.

ಎದ್ದು ತಿರುಗಿದರೆ ಹಿಂದೆ ಅತ್ತೆ. ಸೆರಗು ಮೂಗಿಗೆ ಒತ್ತಿಕೊಂಡು.

"ಮೋರಿ ಇನ್ನೂ ಕಟ್ಕಂಡೇ ಅದಾ?"

ಟಿಫಿನ್ ಬಾಕ್ಸನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅತ್ತೆ ತಟ್ಟೆ ನೋಡಿದರು, ಮೂರು ತಲೆ ನೋಡಿದರು. "ತಿಂದ್ ಮ್ಯಾಲೆ ತಟ್ಟೆ ಬೂದಿ ಆಕಿ ತೊಳಿ. ಒಳಕ್ ಮಾತ್ರ ತರಬ್ಯಾಡ" ಅಂದು ಹೋದರು. ಅಷ್ಟೇ.

ಸಂಜೆ ಸುಬ್ಬಿ, ಚುಕ್ಕಿ ಎರಡೂ ಅತ್ತೆಯ ಹಳೇ ಸೀರೆ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದವು. ಯಾರೂ ಮಾತಾಡಲಿಲ್ಲ, ಏಳುತ್ತವೇನೋ ಅಂತ.

ಡಿಸೆಂಬರ್ 9, ಸೋಮವಾರ

ಮಹದೇವು ಬಂದಿದ್ದ. ಬುಟ್ಟಿ ತಂದಿದ್ದ.

ಹುಳದ ಮನೆಗೆ ಇಲಿ ನುಗ್ಗಿವೆಯಂತೆ. "ಇದು ದಿನಕ್ ನಾಕ್ ಹುಳ ತಿಂತಿತ್ತು ಕಣಕ್ಕ. ಇಲಿ ತಟ್ಟೆ ತಟ್ಟೆನೇ ಖಾಲಿ ಮಾಡ್ತಾ ಅವೆ. ಈಗ ಬಲೆ ಹೊದಿಸಿವ್ನಿ, ಕೊತ್ತಿ ಬಾಯಿ ಹಾಕಕಾಗಲ್ಲ, ಇಲಿ ಅದ್ನೂ ಕಡಿತವೆ. ಕೊತ್ತಿಯ ಕೊಡು, ಓಯ್ತೀನಿ."

ಇನ್ನೂ ಹುಳ ತಿನ್ನುತ್ತೆ ಕಣೋ, ದಿನಾ ತಿನ್ನುತ್ತೆ, ಈಗ ಜಾಸ್ತಿ ತಿನ್ನುತ್ತೆ ಅಂದೆ. ತಿನ್ಲಿ ಬುಡು ಅಂದ. ಇವರ ಮುಖ ನೋಡಿದೆ. "ಅವ್ರ್ ಕೊತ್ತಿ ನಾಗು" ಅಂದರು. ಬೆಟ್ಟದ ರಸ್ತೆಯಲ್ಲಿ ಬಿಡುತ್ತೇನೆ ಅಂದಿದ್ದ ಮಹದೇವುಗೆ ಯಾವ ಹಕ್ಕು? ಹಾಗಂತ ಕೇಳಬೇಕಿತ್ತು. ಕೇಳಲಿಲ್ಲ, ತಮ್ಮನಲ್ಲವಾ. ಅವನ ಬೆಳೆ ಹೋದರೆ ನನಗೂ ನೋವೇ.

ಅತ್ತೆ ಒಂದು ಮಾತಾದರೂ ಆಡಬಹುದಿತ್ತು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಚುಕ್ಕಿಯನ್ನು ನಾನೇ ಎತ್ತಿ ಬುಟ್ಟಿಗೆ ಹಾಕಿದೆ. ನಂಬಿಕೊಂಡು ಬಂತು. ಒಂದು ಉಗುರೂ ತಾಗಿಸಲಿಲ್ಲ.

ಡಿಸೆಂಬರ್ 10, ಮಂಗಳವಾರ

ಸುಬ್ಬಿ ಅಟ್ಟ ಹತ್ತಿ ಟ್ರಂಕಿನ ಹಿಂದೆ ನೋಡಿ ಬಂತು. ಬಚ್ಚಲ ಹಿಂದೆ ಹೋಯಿತು. ಮತ್ತೆ ಅಟ್ಟ. ಕೂಗುತ್ತಲೇ ಇದೆ, ಮರಿ ಕಳೆದುಕೊಂಡಾಗ ಕೂಗುವ ಹಾಗೆ. ಹಾಲು ಬೇಡ, ಅನ್ನ ಬೇಡ.

ಅತ್ತೆ ಮಧ್ಯಾಹ್ನ ನನ್ನ ಮುಂದೆ ಟಿಫಿನ್ ಬಾಕ್ಸ್ ತಂದಿಟ್ಟರು. ತಾವೇ. "ಓಗು, ದೇವಣ್ಣನ್ ತಾವು ತತ್ತಾ. ಅದ್ನಾದ್ರೂ ತಿಂದದೇನೋ."

ತಂದೆ. ಪಿಳ್ಳ ತಿಂದ. ಸುಬ್ಬಿ ಮೂಸಿ, ಪಕ್ಕಕ್ಕೆ ಸರಿದು, ಅರ್ಧ ಜಾಗ ಬಿಟ್ಟು ಕೂತಿತು.

ಅತ್ತೆ ಕಣ್ಣು ಒರೆಸಿಕೊಂಡರು. ಹೊಗೆ ಅಂದರು. ಗ್ಯಾಸ್ ಒಲೆಗೆ ಎಲ್ಲಿಯ ಹೊಗೆ?

ಡಿಸೆಂಬರ್ 12, ಗುರುವಾರ

ಮಹದೇವುಗೆ ಫೋನ್. ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ಕುಸುಮ ಎತ್ತಿದಳು.

ಬಂದ ದಿನವೇ ಬುಟ್ಟಿ ತೆಗೆದ ಕೂಡಲೇ ಓಡಿಹೋಯಿತಂತೆ. ತಟ್ಟೆ ಕಡೆಗೂ ತಿರುಗಲಿಲ್ಲವಂತೆ, ಬಲೆ ಹೊದಿಸದೆ ಒಂದು ತಟ್ಟೆ ಮುಂದಿಟ್ಟು ಕರೆದರೂ. ಹಿಪ್ಪುನೇರಳೆ ತೋಟವೆಲ್ಲ ಹುಡುಕಿದ್ದಾರೆ. ನನಗೆ ಹೇಳಲು ಹೆದರಿಕೆ ಅಂತ ಮಹದೇವು ಫೋನ್ ಎತ್ತಿಲ್ಲ.

ಚಳಿ. ನಾಯಿಗಳು. ಆ ಕಡೆಯ ಕಾಡು. ನೂಲು ಸುತ್ತಲು ಕೂತೆ, ಆಗಲಿಲ್ಲ. ಎದ್ದು ಅಂಗಳಕ್ಕೆ, ಅಂಗಳದಿಂದ ಬೀದಿಗೆ. ರೋಜಾ ಏನೋ ಕೇಳಿದಳು, ಏನು ಹೇಳಿದೆನೋ ನೆನಪಿಲ್ಲ. ನಾನೇ ಎತ್ತಿ ಹಾಕಿದೆನಲ್ಲ ಬುಟ್ಟಿಗೆ. ನನ್ನ ಈ ಕೈಯಲ್ಲೇ.

ಇವರು ಚುಕ್ಕಿಯ ಫೋಟೋ ಕೇಳಿದರು. ಮಹದೇವುನ ಫೋನಿಗೆ ಕರೆಸಿ ವಾಟ್ಸಾಪ್ ಸ್ಟೇಟಸ್ ಹಾಕುವುದನ್ನು ಹೇಳಿಕೊಟ್ಟರು. ಸಿಕ್ಕರೆ ಹೇಳಿ ಅಂತ ಕೆಳಗೆ ನಮ್ಮ ನಂಬರ್ ಹಾಕಿಸಿದರು.

ಡಿಸೆಂಬರ್ 14, ಶನಿವಾರ, ಹನೂರು ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಬರೆಯದಿದ್ದರೆ ಉಗುರು ಪೂರ್ತಿ ತಿಂದು ಮುಗಿಸುತ್ತೇನೆ.

ಬೆಳಿಗ್ಗೆ ಫೋನ್ ಬಂತು. ಕಾಮಗೆರೆಯಿಂದ, ಪುಟ್ಟಮಾದಪ್ಪ ಅಂತ, ಟೀ ಅಂಗಡಿಯವನು. "ಫೋಟೋದಲ್ಲಿರದೇ ಕಣವ್ವ, ಅಣೆ ಮ್ಯಾಲೆ ಮಚ್ಚೆ. ನೆನ್ನೆಯಿಂದ ಇಲ್ಲೇ ರಸ್ತೆ ಅಂಚ್ನಲ್ಲೇ ಓಯ್ತಾ ಅದೆ. ಕುಂಟ್ತದೆ. ಇಡಿಯಕ್ ಓದ್ರೆ ಸಿಕ್ಕಲ್ಲ. ಮೊಕ ಮಾತ್ರ ಕೊಳ್ಳೇಗಾಲದ್ ಕಡಿಕೇಯ."

ಹನೂರು ದಾಟಿ ಬಂದಿದೆ. ನಡೆದುಕೊಂಡು. ಹುಟ್ಟಿದ ಮನೆ ಬಿಟ್ಟು, ತಟ್ಟೆ ತುಂಬ ಹುಳ ಬಿಟ್ಟು, ನಮ್ಮ ಮನೆಗೆ. ಫೋನ್ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಮಹದೇವುಗೆ ಹೇಳಿದೆ. "ನಿಂದೇ ಕಣಕ್ಕ ಅದು. ನಾ ಬರಕಿಲ್ಲ ಇನ್ನ ಕೇಳಕೆ" ಅಂದ.

ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಒಳ್ಳೆ ಸೀರೆ ಉಟ್ಟು ಬೀದಿಯಲ್ಲಿ. ಮಂಡಿ ನೋವು ಅಂದೆ, ಕೇಳಲಿಲ್ಲ. ಇವರು ಕೆಲಸದ ದಿನ ಮಗ್ಗ ನಿಲ್ಲಿಸಿ ಬಾಗಿಲಲ್ಲಿ ಕೂತಿದ್ದಾರೆ, ನಾವು ಅಲ್ಲಿ ಹುಡುಕುವಾಗ ಅದು ಇಲ್ಲಿಗೆ ಬಂದುಬಿಟ್ಟರೆ ಅಂತ.

ಅತ್ತೆ ಕಿಟಕಿ ಸೀಟು. ಬಸ್ಸು ಹತ್ತಿದಾಗಿನಿಂದ ರಸ್ತೆ ಅಂಚಿನಿಂದ ಕಣ್ಣು ಕಿತ್ತಿಲ್ಲ. ಲಾರಿ ಎದುರು ಬಂದಾಗಲೆಲ್ಲ ನನ್ನ ಕೈ ಹಿಡಿಯುತ್ತಾರೆ. ಮುಂದಿನ ಸ್ಟಾಪು ಕಾಮಗೆರೆ ಅಂದ ಕಂಡಕ್ಟರ್. ಈ ಡ್ರೈವರ್ ಯಾಕೆ ಇಷ್ಟು ನಿಧಾನ, ಅಲ್ಲಲ್ಲ, ಯಾಕೆ ಇಷ್ಟು ಜೋರು—

ಅತ್ತೆ ಎದ್ದುಬಿಟ್ಟರು. ಓಡುವ ಬಸ್ಸಲ್ಲಿ, ಆ ಮಂಡಿ ಇಟ್ಟುಕೊಂಡು. ಕಿಟಕಿಯಾಚೆ ಕೈ ಚಾಚಿ ಕೂಗುತ್ತಿದ್ದಾರೆ, ಬಸ್ಸಿಗೆ ಬಸ್ಸೇ ನೋಡುತ್ತಿದೆ. ನಿಲ್ಸಿ ಸಾ, ನಿಲ್ಸಿ ಸಾ, ನಮ್ ಕೊತ್ತಿ ಅಲ್ಲಿ—