ತುಂಬಿದ ತಂಬಿಗೆಯ ಪರೀಕ್ಷೆ

ಗದಗ, ಶಕ್ತಿಶಕ ೯೪, ಹದಿಮೂರನೆಯ ತಿಂಗಳ ಎರಡನೆಯ ದಿನ

ಮುತ್ತಜ್ಜಿ ಶಂಕ್ರವ್ವನವರಿಗೆ ಮರಿಮಗಳು ಗೌರವ್ವ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ, ನಾನಿನ್ನೂ ಹುಟ್ಟಿರದ ನಿಮ್ಮ ಕಾಲಕ್ಕೆ ಬರೆಯುತ್ತಿದ್ದೇನೆ. ನಮಗೆ ಬೇಗ ವಯಸ್ಸಾಗದಿರಲೆಂದು ಸರ್ಕಾರ ವರ್ಷಕ್ಕೊಂದು ತಿಂಗಳು ಸೇರಿಸಿದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಿಮ್ಮ ‘ನಿವೃತ್ತಿ’ಯೂ ನನ್ನ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಅದಕ್ಕೆ ನಾವು ‘ಬಿಡುಗೈ’ ಅನ್ನುತ್ತೇವೆ.

ಎಪ್ಪತ್ತೈದು ತುಂಬಿದವರಿಗೆ ವರ್ಷಕ್ಕೊಮ್ಮೆ ಶಕ್ತಿಪರೀಕ್ಷೆ. ಬಾಯಿಮಟ ನೀರು ತುಂಬಿದ ತಂಬಿಗೆ ಹಿಡಿದು, ಪರೀಕ್ಷಕರು ಕೂತಲ್ಲಿಗೆ ಇಪ್ಪತ್ತು ಹೆಜ್ಜೆ ನಡೆಯಬೇಕು. ನೀರು ತುಳುಕಿದರೆ ಬಿಡುಗೈ, ಪಿಂಚಣಿ. ತುಳುಕದಿದ್ದರೆ ಮರುದಿನ ಮತ್ತೆ ಕೆಲಸ. ಹೀಗಾಗಿ ಊರಿನ ಮುದುಕ ಮುದುಕಿಯರೆಲ್ಲ ಹಿತ್ತಲಲ್ಲಿ ಕೈ ನಡುಗಿಸುವುದನ್ನು ಕಲಿಯುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ನನ್ನ ಅಕ್ಕ ನೀಲವ್ವನಿಗೆ ಹೋದ ವರ್ಷ ಎಂಬತ್ಮೂರು. ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಹಾಸಿಗೆಬಟ್ಟೆ ಒಗೆದು ಮಡಚುವ ಕೆಲಸ, ನನ್ನದೂ ಅದೇ. ಆ ಸಲವಾದರೂ ಅವಳು ಬಿಡುಗೈ ಆಗಲೆಂದು ತಿಂಗಳುಗಟ್ಟಲೆ ಕಲಿಸಿದೆ. ಆ ದಿನ ಅವಳು ಬೀಗರ ಮುಂದೆ ಹೋದ ಹಾಗೆ ಸೆರಗು ಹೊದ್ದು ನಡೆದಳು. ಒಂದು ಹನಿ ಚೆಲ್ಲಲಿಲ್ಲ. ಮೇಲಾಗಿ ಪರೀಕ್ಷಕರಿಗೆ, “ತಗೋರಿ, ದಣಿದೀರಿ, ಕುಡೀರಿ” ಅಂದಳು. ದಾರಿಯುದ್ದಕ್ಕೂ ಬೈದೆ. “ಮಂದಿ ಕುಂತಾಗ ನೀರು ಚೆಲ್ಲೂದು ಹೆಂಗ ಗೌರಿ? ನನ್ನ ಕೈಲೆ ಆಗಲಿಲ್ಲ” ಎಂದಳು.

ನಾಲ್ಕು ತಿಂಗಳಿಗೆ, ಬಟ್ಟೆ ಮಡಚುತ್ತಲೇ ಕುಸಿದು ಸತ್ತಳು. ಸರ್ಕಾರದ ವರದಿಯಲ್ಲಿ ‘ಕೊನೆಯುಸಿರಿನವರೆಗೂ ಶಕ್ತರಾಗಿದ್ದರು’ ಎಂದು ಬರೆದರು. ಅಂಥ ವರದಿಗಳನ್ನೇ ವಿಧಾನಸಭೆಯಲ್ಲಿ ಓದಿ, ಪರೀಕ್ಷೆಯ ವಯಸ್ಸನ್ನು ಎಂಬತ್ತಕ್ಕೆ ಏರಿಸಿದ್ದಾರೆ. ನನಗೆ ಎಪ್ಪತ್ತೆಂಟು. ನನ್ನ ಕೈ ಈ ವರ್ಷ ನಿಜವಾಗಿಯೇ ನಡುಗತೊಡಗಿದೆ, ತೋರಿಸಲು ಇನ್ನೆರಡು ವರ್ಷ ಕಾಯಬೇಕು.

ಬರುವ ಶನಿವಾರ ನಿಮ್ಮ ನೌಕರರ ಸಂಘದ ಸಭೆಯಿದೆ. ಪಿಂಚಣಿಗೆ ವಯಸ್ಸು ನೋಡಬೇಡಿ, ಶಕ್ತಿ ನೋಡಿ ಎಂಬ ಮಾತು ಅಲ್ಲಿ ಏಳುತ್ತದೆ. ನ್ಯಾಯವಾಗಿಯೇ ಕೇಳಿಸುತ್ತದೆ. ಅದಕ್ಕೆ ಒಪ್ಪಿ ಮೊದಲು ಕೈ ಎತ್ತಿದವರು ನೀವೇ ಎಂದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಗಟ್ಟಿಮುಟ್ಟಾಗಿದ್ದಿರಿ, ಎಲ್ಲರೂ ನಿಮ್ಮ ಹಾಗೇ ಅಂದುಕೊಂಡಿರಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ ಮುತ್ತಜ್ಜಿ, ಮುಚ್ಚಿಡುವುದಿಲ್ಲ.

ಆ ಕೈ ಎತ್ತಬೇಡಿ. ಅರವತ್ತಾಯಿತು, ಸಾಕು ಅನ್ನುವುದಕ್ಕೆ ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ ಎಂದು ಎದ್ದು ಹೇಳಿ. ನೀಲಕ್ಕ ತಾನಾಗಿ ಎಂದೂ ಕೂತವಳಲ್ಲ. ಅವಳನ್ನು ಕೂರಿಸಲು ನನ್ನಿಂದಾಗಲಿಲ್ಲ, ಇನ್ನು ನೀವೊಬ್ಬರೇ ಉಳಿದಿದ್ದೀರಿ.