ನನ್ನ ತಂಗಿಯ ಮಗಳ ಪೂರ್ತಿ ಅಂಕಗಳನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ

ಮಾನ್ಯ ಪರೀಕ್ಷಾಧಿಕಾರಿಗಳೇ,

ನನ್ನ ತಂಗಿಯ ಮಗಳು ವಿಶ್ಲೇಷಣಾ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದು ಪಾಸಾಗಿದ್ದಾಳೆ. ಇದೇ ನನ್ನ ದೂರು. ಕನ್ನಡಕ ಒರೆಸಿಕೊಳ್ಳಬೇಡಿ, ಸರಿಯಾಗಿಯೇ ಓದಿದ್ದೀರಿ. ಅಂಕ ಕಡಿಮೆಯಾಯಿತೆಂದು ನಿಮ್ಮ ಕಚೇರಿಯ ಮೆಟ್ಟಿಲು ಸವೆಸುವವರನ್ನು ನೀವು ದಿನವೂ ನೋಡುತ್ತೀರಿ. ಅಂಕ ಬಂದುಬಿಟ್ಟಿತೆಂದು ಗೋಳಾಡುವವನು ನಾನೊಬ್ಬನೇ ಇರಬೇಕು. ಇದೇ ಪರೀಕ್ಷೆಯಲ್ಲಿ ಅವಳು ಮೊದಲ ಸಲ ಫೇಲಾಗಿದ್ದಳು. ಆಗ ಅವಳು ಬರೆದದ್ದು ನಿಜ. ಈಗ ಬರೆದದ್ದು ಸುಳ್ಳು. ನಿಮ್ಮ ಮೌಲ್ಯಮಾಪನದಲ್ಲಿ ಮಾಪನವೇನೋ ಭದ್ರವಾಗಿದೆ, ಮೌಲ್ಯ ಎಲ್ಲಿ ಸೋರಿಹೋಯಿತು ಎಂದು ಕೇಳುವುದಕ್ಕೆ ಈ ಪತ್ರ.

ಅವಳು ಓದಿದ ಕಾಲೇಜಿನಲ್ಲೇ ನಾನು ವ್ಯಾಕರಣ ಹೇಳಿ ನಿವೃತ್ತನಾದವನು. ಸಂಧಿ ಬಿಡಿಸುವುದು ಗೊತ್ತೇ ಹೊರತು ದ್ರಾವಣ ಬೆರೆಸುವುದು ಗೊತ್ತಿಲ್ಲ. ಹಾಗಾಗಿ ಅವಳು ನನ್ನ ತಲೆಗೆ ಇಳಿಸಿದಷ್ಟನ್ನೇ ಹೇಳುತ್ತೇನೆ. ಬ್ಯೂರೆಟ್ ಎಂದರೆ ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆ, ತುದಿಗೊಂದು ಪುಟ್ಟ ನಲ್ಲಿ. ಅದರಲ್ಲಿ ಕ್ಷಾರ ತುಂಬಿ, ಕೆಳಗಿನ ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ತೊಟ್ಟು ತೊಟ್ಟಾಗಿ ಬಿಡಬೇಕು. ಆಮ್ಲ ತೀರಿದ ಗಳಿಗೆಯಲ್ಲಿ, ನೀರಿನ ಹಾಗಿದ್ದ ದ್ರವ ಒಂದೇ ಒಂದು ತೊಟ್ಟಿಗೆ ತೆಳು ಗುಲಾಬಿಯಾಗುತ್ತದೆ. ಅಲ್ಲಿಗೆ ನಲ್ಲಿ ನಿಲ್ಲಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಎಷ್ಟು ಖರ್ಚಾಯಿತೆಂದು ಬರೆದುಕೊಂಡರೆ ಅದು ರೀಡಿಂಗ್. ನಮ್ಮ ಹುಡುಗಿ ಆ ಕೊನೆಯ ತೊಟ್ಟಿಗಾಗಿ ಕೊಕ್ಕರೆಯ ಹಾಗೆ ಕಾಯುತ್ತಿದ್ದುದರಿಂದ ತರಗತಿಯವರು ಅವಳನ್ನು ‘ತೊಟ್ಟು’ ಎಂದೇ ಕರೆಯುತ್ತಿದ್ದರು. ಉಳಿದವರು ಕೈತೊಳೆದು ಚೀಲ ಹೆಗಲಿಗೇರಿಸಿದರೂ ಇವಳ ಫ್ಲಾಸ್ಕು ಅಲ್ಲಾಡುತ್ತಲೇ ಇರುತ್ತಿತ್ತು.

“ನಡಿಯೇ ತೊಟ್ಟು, ಅದೇನು ಮಗೂಗೆ ಹಾಲು ಕುಡಿಸ್ತಿದ್ದೀಯಾ?” ಎಂದು ಗೆಳತಿಯರು ಛೇಡಿಸಿದರೆ, “ತಡೀರೇ, ಇನ್ನೇನು ನಾಚ್ಕೊಳ್ಳೋ ಹೊತ್ತು” ಎನ್ನುತ್ತಿದ್ದಳಂತೆ.

ಆ ಕೊಠಡಿಗೊಂದು ಸಂಪ್ರದಾಯವಿದೆ, ಮಾನ್ಯರೇ. ಅಲ್ಲಿ ಯಾರೂ ‘ಎಷ್ಟು ಬಂತು?’ ಎಂದು ಕೇಳುವುದಿಲ್ಲ. ‘ಎಷ್ಟು ಬರಬೇಕು?’ ಎಂದೇ ಕೇಳುತ್ತಾರೆ. ಬರಬೇಕಾದ ಸಂಖ್ಯೆ ಹಿಂದಿನ ತಂಡದಿಂದ ಮುಂದಿನ ತಂಡಕ್ಕೆ, ಕಿಟಕಿ ಬದಿಯ ಮೇಜಿನಿಂದ ಬಾಗಿಲ ಬದಿಯ ಮೇಜಿಗೆ ಪಿಸುಮಾತಿನಲ್ಲಿ ಹರಿದುಬರುತ್ತದೆ. ಅದಕ್ಕೆ ಬ್ಯೂರೆಟ್ಟಿನ ಹಂಗಿಲ್ಲ. ಮಕ್ಕಳನ್ನು ಬೈದು ಪ್ರಯೋಜನವೇನು? ನಿಮ್ಮ ನಿಯಮವೇ ಹಾಗಿದೆ: ನಿಮ್ಮ ಬಳಿಯಿರುವ ಉತ್ತರಕ್ಕೆ ಹತ್ತಿರವಾದಷ್ಟೂ ಅಂಕ, ದೂರವಾದರೆ ಸೊನ್ನೆ. ಹೇಗೆ ಮಾಡಿದೆ, ಏನು ಕಂಡೆ ಎಂದು ಕೇಳುವ ಜಾಗವೇ ಉತ್ತರಪತ್ರಿಕೆಯಲ್ಲಿಲ್ಲ. ಪ್ರಯೋಗಾಲಯದಲ್ಲಿ ಪ್ರಯೋಗ ಹೋಗಿ ಆಲಯವಷ್ಟೇ ಉಳಿದಿದೆ. ಕ್ಷಾರದ ಸೀಸೆಗೆ ಅದರ ಶಕ್ತಿ ಬರೆದು ಅಂಟಿಸಿದ ಚೀಟಿಯೇ ಅಲ್ಲಿ ದೇವರು.

ಮೊದಲ ಪರೀಕ್ಷೆಯ ದಿನ ಕ್ಷಾರದ ಆ ದೊಡ್ಡ ಸೀಸೆಯ ರಬ್ಬರ್ ಬಿರಡೆ ಸೀಳಿಹೋಗಿತ್ತಂತೆ. ಕ್ಷಾರಕ್ಕೂ ಗಾಳಿಗೂ ಆಗಿಬರುವುದಿಲ್ಲ. ಗಾಳಿಯ ಇಂಗಾಲಾಮ್ಲವನ್ನು ಹೀರಿ ಹೀರಿ ಕ್ಷಾರ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಚೀಟಿಯ ಮೇಲೆ ಬರೆದ ಶಕ್ತಿ ಮಾತ್ರ ಕುಂದುವುದಿಲ್ಲ, ನನ್ನ ಮನೆಯ ಬಾಗಿಲಲ್ಲಿ ಇನ್ನೂ ‘ಪ್ರಾಧ್ಯಾಪಕರು’ ಎಂದು ತೂಗುತ್ತಿರುವ ಫಲಕದ ಹಾಗೆ. ಶಕ್ತಿ ಕುಂದಿದ ಕ್ಷಾರ ಹೆಚ್ಚು ಖರ್ಚಾಗಲೇಬೇಕು. ಅವಳಿಗೆ ಬರಬೇಕಾದದ್ದಕ್ಕಿಂತ ಹೆಚ್ಚು ಬಂತು. ಫ್ಲಾಸ್ಕು ತೊಳೆದು ಮತ್ತೆ ಮಾಡಿದಳು, ಮತ್ತೆ ಅಷ್ಟೇ. ಪಕ್ಕದ ಮೇಜಿನವಳು ಕನಿಕರದಿಂದ ‘ಸರಿಯಾದ’ ಸಂಖ್ಯೆಯನ್ನು ಉಸುರಿದಳು. ಇವಳು ಅದನ್ನು ಬಿಟ್ಟು ಪರೀಕ್ಷಕರ ಬಳಿ ಹೋದಳು.

“ಸರ್, ಕ್ಷಾರದ ಶಕ್ತಿ ಚೀಟೀಲಿ ಬರೆದಷ್ಟು ಇಲ್ಲ ಅನ್ಸುತ್ತೆ. ಸ್ವಲ್ಪ ಆಕ್ಸಾಲಿಕ್ ಆಮ್ಲ ಕೊಟ್ರೆ ತೂಕ ಮಾಡಿ ಕ್ಷಾರಾನೇ ಪರೀಕ್ಷೆ ಮಾಡ್ತೀನಿ.”

“ಪರೀಕ್ಷೆ ಇರೋದು ನಿನಗಮ್ಮಾ, ಸೀಸೆಗಲ್ಲ.”

“ಎಲ್ಲರಿಗೂ ಹೀಗೇ ಬರ್ತಿರಬೇಕಲ್ಲ ಸರ್?”

“ಎಲ್ಲರಿಗೂ ಸರಿಯಾಗೇ ಬಂದಿದೆ. ನಿನ್ನ ಕೈ ನೋಡ್ಕೊ.”

ಇಡೀ ಕೊಠಡಿಗೆ ಒಂದೇ ಸೀಸೆ. ಅದರಿಂದ ಎಲ್ಲರಿಗೂ ‘ಸರಿಯಾಗಿ’ ಬಂದದ್ದೇ ಅನುಮಾನ ಪಡಬೇಕಾದ ಸಂಗತಿ ಎಂದು ಆ ವಿದ್ವಾಂಸರಿಗೆ ಹೊಳೆಯಲಿಲ್ಲವೇ? ಅಥವಾ ಹೊಳೆದದ್ದಕ್ಕೇ ಅವಸರದಿಂದ ಮುಂದಿನ ಮೇಜಿಗೆ ನಡೆದರೇ? ಹುಡುಗಿ ಕಂಡದ್ದನ್ನು ಕಂಡ ಹಾಗೆ ಬರೆದಳು. ಕೆಳಗೆ, ಕ್ಷಾರದ ಶಕ್ತಿ ಕುಂದಿರಬಹುದು ಎಂದು ಒಂದು ಸಾಲು ಸೇರಿಸಿದಳು. ಫೇಲಾದಳು. ಮರುಪರಿಶೀಲನೆ ಕೇಳಲು ನಾನೇ ನಿಮ್ಮ ಕಚೇರಿಗೆ ಬಂದೆ. ಕಿಟಕಿಯೊಳಗಿನ ಗುಮಾಸ್ತರು ತಲೆಯೆತ್ತದೆ, “ಬರೆದ ಪರೀಕ್ಷೆಗಾದ್ರೆ ಉಂಟು, ಮಾಡಿದ ಪರೀಕ್ಷೆಗೆ ಇಲ್ಲ” ಎಂದರು. ಬರೆದದ್ದಕ್ಕಿರುವ ಬೆಲೆ ಮಾಡಿದ್ದಕ್ಕಿಲ್ಲ ಎಂದು ನಿಮ್ಮ ಇಲಾಖೆಯಲ್ಲಿ ನೇರವಾಗಿ ಹೇಳಿದವರು ಅವರೊಬ್ಬರೇ.

ಮರುಪರೀಕ್ಷೆ ಬಂತು. ಅದೇ ಸೀಸೆ, ಅದೇ ಚೀಟಿ, ಅದೇ ಸೀಳು ಬಿರಡೆ. ಆ ದಿನ ಅವಳು ಎಲ್ಲರಿಗಿಂತ ಮೊದಲು ಮನೆಗೆ ಬಂದಳು.

“ಏನೇ, ಇಷ್ಟು ಬೇಗ?” ಎಂದೆ.

“ನಲ್ಲೀನೇ ತಿರುಗಿಸ್ಲಿಲ್ಲ ಮಾಮ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗುಗಳನ್ನ ಬರೆದೆ. ಒಂದರಲ್ಲಿ ಮಾತ್ರ ಒಂದು ತೊಟ್ಟು ಜಾಸ್ತಿ ಇಟ್ಟೆ.”

“ಅದ್ಯಾಕೆ?”

“ಸುಳ್ಳು ಸಹಜವಾಗಿ ಕಾಣ್ಬೇಕಲ್ಲ.”

ಜೀವನವಿಡೀ ತರಗತಿಯನ್ನು ನಗಿಸಿದವನು ನಾನು. ಎಂಥ ಮಾತು ಸಿಕ್ಕಿದರೂ ಅದರ ಕಾಲೆಳೆಯದೆ ಬಿಟ್ಟವನಲ್ಲ. ಆ ಒಂದು ಮಾತನ್ನು ಮಾತ್ರ ಬಿಟ್ಟುಬಿಟ್ಟೆ. ಅವಳು ಅಳಲೂ ಇಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಗೊತ್ತಿತ್ತು.

ನೀವು ಕೊಟ್ಟ ಪೂರ್ತಿ ಅಂಕದಿಂದ ಅವಳಿಗೆ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಕೊಠಡಿಯಲ್ಲಿ ಕೆಲಸ ಸಿಕ್ಕಿದೆ. ಬರುವ ಸೋಮವಾರ ಸೇರಬೇಕು. ನನ್ನ ತಂಗಿ ಮಗಳಿಗಾಗಿ ಹೊಸ ಬಿಳಿ ಕೋಟು ಹೊಲಿಸಿ ಬಾಗಿಲ ಹಿಂದೆ ನೇತುಹಾಕಿದ್ದಾಳೆ. ಹುಡುಗಿ ಅದನ್ನು ತೊಟ್ಟೂ ನೋಡಿಲ್ಲ. “ನಾಳೆ ಯಾರದೋ ರಕ್ತದ ಸಕ್ಕರೆ ನೋಡೋವಾಗ, ಪಕ್ಕದ ಮೇಜಿನ ಕಡೆ ತಿರುಗಿ ಎಷ್ಟು ಬರ್ಬೇಕು ಅಂತ ಕೇಳ್ಬಿಟ್ರೆ ಮಾಮ?” ಎನ್ನುತ್ತಾಳೆ. ಹಾಗೆಲ್ಲ ಕೇಳುವವಳಲ್ಲ ನೀನು ಎಂದೆ. “ಮರುಪರೀಕ್ಷೆಗೆ ಮುಂಚೆ ನಾನೂ ಹಾಗೇ ಅಂದ್ಕೊಂಡಿದ್ದೆ” ಎಂದಳು.

ಈ ಪತ್ರ ಬರೆಯಲು ಹೇಳಿದವಳು ಅವಳೇ. ಅದು ಗೊತ್ತಾದಾಗಿನಿಂದ ತಂಗಿ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. “ಪಿಂಚಣಿ ಬರೋರಿಗೆ ಸತ್ಯ ಸಲೀಸು ಅಣ್ಣ. ಕೈಗೆ ಬಂದ ಕೆಲಸ ಹೋದ್ರೆ ನೀನು ತಂದ್ಕೊಡ್ತೀಯಾ?” ಎಂದಳು. ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ಅವಳಿಗೇ ಬರೆದು ತಿಳಿಸಿ.

ನಮ್ಮ ಬೇಡಿಕೆ ಇಷ್ಟೇ. ಎರಡನೆಯ ಪರೀಕ್ಷೆಯ ಅಂಕಗಳನ್ನು ರದ್ದು ಮಾಡಿ. ಇದನ್ನು ಓದಿದ ಕೂಡಲೇ ಯಾರಾದರೂ ಆ ಸೀಸೆಯನ್ನು ತೊಳೆದು ಬೋರಲು ಹಾಕಿಯಾರು, ಅದಕ್ಕೆ ಬಿಡದೆ ನಾಲ್ಕು ಜನರ ಎದುರು ಅದರ ಶಕ್ತಿಯನ್ನು ಅಳೆಯಿಸಿ. ಇಷ್ಟು ದಿನಗಳಲ್ಲಿ ಅದು ಇನ್ನಷ್ಟು ಕುಂದಿರುತ್ತದೆ, ಹಾಗಾಗಿ ಮೊದಲ ಪರೀಕ್ಷೆಯ ದಿನ ಎಷ್ಟಿತ್ತೆಂದು ಅದರಿಂದ ಗೊತ್ತಾಗುವುದಿಲ್ಲ. ಇದನ್ನೂ ನಿಮಗೆ ತಪ್ಪದೆ ತಿಳಿಸಬೇಕೆಂದು ಅವಳು ಪಟ್ಟು ಹಿಡಿದಿದ್ದಾಳೆ. ಆದ್ದರಿಂದ ಹೊಸದಾಗಿ ಮಾಡಿ ಅಳೆದುನೋಡಿದ ದ್ರಾವಣ ಕೊಟ್ಟು, ಕಂಡದ್ದನ್ನು ಬರೆಯಲು ಜಾಗ ಕೊಟ್ಟು, ಅವಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿ. ಅಷ್ಟರಲ್ಲಿ ಸೋಮವಾರ ಕಳೆದುಹೋಗುತ್ತದೆ, ಕೆಲಸ ಬೇರೆಯವರ ಪಾಲಾಗುತ್ತದೆ. ಅದು ಅವಳಿಗೆ ಗೊತ್ತಿದೆ.

“ಅದರಲ್ಲೂ ಫೇಲಾದ್ರೆ ಏನು ಮಾಡ್ತೀಯೇ?” ಎಂದು ಬೆಳಿಗ್ಗೆ ಕೇಳಿದೆ.

“ಕೂತ್ಕೊಂಡು ಅಳ್ತೀನಿ ಮಾಮ. ಆದ್ರೆ ಅದು ನಾನು ಮಾಡಿದ್ದಾಗಿರುತ್ತೆ.”

ಇಂತಿ,
ಹುಡುಗಿ ಪಾಸಾದದ್ದಕ್ಕೆ ಕ್ಷಮೆಯನ್ನೂ, ಫೇಲಾಗಲು ಅನುಮತಿಯನ್ನೂ ಬೇಡುತ್ತಿರುವ,
ಅವಳ ಸೋದರಮಾವ