ನನ್ನ ಶ್ರುತಿಗೆ ಏರಿಸಿದ ಏಕತಾರಿ

ಬೋರಕ್ಕಾ,

ಹಿರಿಯೂರಿನ ಸಭೆ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆವಲ್ಲ, ಆವತ್ತು ನಾನೂ ನನ್ನ ಗಂಡ ತಿಪ್ಪೇಶಿಯೂ ಹೆಣ್ಣಿನ ಸಮಾನತೆಯ ಹಾಡು ಹಾಡಿ ಆಗಷ್ಟೇ ಇಳಿದಿದ್ದೆವು. ಶ್ರುತಿಗೆ ಅವನ ಏಕತಾರಿ, ತಾಳ ಬಡಿಯಲು ನನ್ನ ದಮ್ಮಡಿ. ಮದುವೆಯಾದಾಗಿನಿಂದ ಹೀಗೇ. ನೀನು ನೆಟ್ಟಗೆ ಕೇಳಿದೆ: "ಲೇ, ಕೆಳಗಿನ ಸಾಲು ಬಂದಾಗ ನಿನ್ ಗಂಟ್ಲು ಎಲ್ಲಿಗೆ ಹೋಗ್ತೈತೆ? ಗಂಡನ ತಗ್ಗು ಶ್ರುತಿಗೆ ಬಗ್ಗಿ ಬಗ್ಗಿ ಸಾಯ್ತೀಯಲ್ಲೇ."

"ಹೋರಾಟದಾಗೆ ನಂದು, ಅವಂದು ಅಂತ ಐತಾ ಅಕ್ಕಾ?" ಎಂದೆ.

"ಐತೆ. ನಂದಂತೂ ನಿಮ್ಮ ಭಾವನ ಶ್ರುತಿನಾಗೇ ಮುಗೀತು. ನಿಂದು ಯಾವುದು ಅಂತನಾದ್ರೂ ಹುಡುಕು."

ನೀನು ತೀರಿಹೋದಾಗ ಮಣ್ಣಿಗೆ ಬಂದವರು ನಿನ್ನನ್ನು ಏನೆಂದರು ಗೊತ್ತಾ? "ಗಂಡನಿಗೆ ಸಾಥ್ ಕೊಡ್ತಿದ್ದ ಹೆಣ್ಮಗಳು." ಹಾಡು ಕಟ್ಟಿದವಳು ನೀನು, ಊರೂರಿಗೆ ಕಲಿಸಿದವಳು ನೀನು. ಸಾಥ್ ಅಂತೆ. ಧಣಿಗಳ ಮುಂದೆ ತಲೆ ಬಗ್ಗಿಸಬೇಡಿ ಎಂದು ಹಳ್ಳಿಹಳ್ಳಿ ತಿರುಗಿ ಕೂಗಿದವರು ನಾವು. ನಮ್ಮ ಜೋಡಿಯೊಳಗೆ ಬಗ್ಗುತ್ತಿರುವುದು ಯಾರು ಎಂದು ಒಬ್ಬರಾದರೂ...

ಮೊನ್ನೆ ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿಯ ಹಮಾಲರ ಸಭೆಯಿತ್ತು. ವೇದಿಕೆ ಹತ್ತಿದ ಮೇಲೆ ತಿಪ್ಪೇಶಿಯ ಕೈಯಿಂದ ಏಕತಾರಿ ತೆಗೆದುಕೊಂಡು ಬಿರಡೆ ತಿರುಗಿಸಿದೆ. ತಂತಿ ನನ್ನ ಗಂಟಲಿಗೆ ಸರಿಯಾಗುವಷ್ಟು ಏರಿತು.

"ಏನ್ ಮಾಡ್ತಿದೀಯ? ಜನ ಕುಂತವ್ರೆ," ಎಂದು ಹಲ್ಲು ಕಚ್ಚಿದ.

"ಕುಂತ್ಕಳ್ಲಿ. ಹಾಡು."

ನೀನು ಕಟ್ಟಿದ ಹಾಡನ್ನೇ ಎತ್ತಿದೆ. ಮೇಲಿನ ಸಾಲಿಗೆ ಅವನ ಗಂಟಲು ಒಡೆಯಿತು. ಮುಂದೆ ಕೂತಿದ್ದ ಹಮಾಲನೊಬ್ಬ, "ಅಣ್ಣಂಗೆ ನೀರು ಕೊಡ್ರಪ್ಪ, ಮೂಟೆ ನಾವು ಹೊತ್ರೆ ಏದುಸಿರು ಅಣ್ಣಂಗೆ ಬಂದೈತೆ," ಎಂದ. ಎಲ್ಲರೂ ನಕ್ಕರು. ತಿಪ್ಪೇಶಿ ಸಾಲು ಬಿಟ್ಟು, ಮತ್ತೆ ಮತ್ತೆ ಬರುವ ಸೊಲ್ಲನ್ನಷ್ಟೇ ಹಿಡಿದ. ನುಡಿಯೆಲ್ಲ ನಾನೊಬ್ಬಳೇ ಹಾಡಿದೆ. ಕೆಳಗಿನ ಸಾಲು ಹಿಂದಿನ ಗೋಡೆಯವರೆಗೂ ಕೇಳಿಸಿತಂತೆ. ನನಗೇ ಅದು ಹೊಸ ಗಂಟಲು, ಅಕ್ಕಾ. ನೀನಂತೂ ಕೇಳಿದ್ದೇ ಇಲ್ಲ.

ಚಿತ್ರದುರ್ಗದ ಬಸ್ಸಿನಲ್ಲಿ ಅವನು ಏಕತಾರಿಯನ್ನು ಸೀಟಿನ ಕೆಳಗೆ ತಳ್ಳಿದ. ಆಮೇಲೆ, "ನಾಕು ಜನರ ಮುಂದೆ ಮರ್ಯಾದೆ ತೆಗದೆ," ಎಂದ.

"ಒಂದು ಹಾಡಿಗೆ ನಿಂಗೆ ಇಷ್ಟು ಉರಿ ಬಂತಾ? ನಂಗೆ ಎಷ್ಟು ಹಾಡಾದ್ವು, ಲೆಕ್ಕ ಹಾಕು."

ಲೆಕ್ಕ ಹಾಕಿದನೋ ಇಲ್ಲವೋ. ಕಿಟಕಿಯ ಕಡೆ ಮುಖ ತಿರುಗಿಸಿದ. ನಾನೂ ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು?

ಈಗ ಸುದ್ದಿ ಹೇಳುತ್ತೇನೆ. ಬರುವ ವಾರ ಚಿಕ್ಕಜಾಜೂರಿನಲ್ಲಿ ಕಾರ್ಯಕ್ರಮವಿದೆ. ಅವನು ಬರದಿದ್ದರೆ ಒಬ್ಬಳೇ ಹೋಗುವುದೆಂದು ನಿರ್ಧರಿಸಿದ್ದೆ. ನಿನ್ನೆ ಒಲೆಯ ಮುಂದೆ ಬಂದು ನಿಂತು, "ನಿನ್ನ ಶ್ರುತಿಯಾದ್ರೆ ನಾನು ಸೊಲ್ಲಷ್ಟೇ ಹಾಡೋದು," ಎಂದ. "ಸರಿ," ಎಂದೆ. ಇನ್ನೂ ಸಿಟ್ಟಿನಲ್ಲೇ ಇದ್ದಾನೆ. ಇರಲಿ. ಸಿಟ್ಟಿದ್ದಾಗ ಅವನು ತಾಳ ತಪ್ಪುವುದಿಲ್ಲ.